ಪ್ರಶ್ನೋತ್ತರ: ಅಮೆರಿಕದ ಚರಿತ್ರೆಯನ್ನು ತಿರುಗಿಸಿದ ಸಂಘಗಳು

ಕಳೆದ ಸಂಚಿಕೆಯಲ್ಲಿ ಅಬ್ರಹಾಂ ಲಿಂಕನ್ನರ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅವರು ಹುಟ್ಟುವುದಕ್ಕೂ ಎಷ್ಟೋ ಮೊದಲು ಗುಲಾಮಗಿರಿಯ ವಿರುದ್ಧ ಕೆಲಸ ಮಾಡಿದ ಸಣ್ಣ ಸಣ್ಣ ಕೂಟಗಳಿದ್ದವು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ಕೊಡಗಿನ ಓದುಗರು ಬರೆದ ಕಾಗದಗಳೇ ಈ ಸಲ ಹೆಚ್ಚಾಗಿರುವುದರಿಂದ ಅಂಕಣವನ್ನು ಪೂರ್ತಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಆ ಸಣ್ಣ ಕೂಟಗಳು ಯಾವುವು? ಹೆಸರು ಹೇಳದೆ ದಾಟಿಬಿಟ್ಟಿದ್ದೀರಿ. (ನಿವೃತ್ತ ಶಿಕ್ಷಕರು, ಸೋಮವಾರಪೇಟೆ)

ತಪ್ಪು ಒಪ್ಪಿಕೊಳ್ಳುತ್ತೇನೆ. ಇಂದು ಫಿಲಡೆಲ್ಫಿಯಾ ನಗರದೊಳಗೆ ಸೇರಿಹೋಗಿರುವ ಜರ್ಮನ್‌ಟೌನ್ ಎಂಬ ಊರಿನಲ್ಲಿ 1688ರ ಫೆಬ್ರವರಿಯಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ನಾಲ್ವರು ಕುಳಿತು, ಮನುಷ್ಯರನ್ನು ದನಗಳಂತೆ ಕೊಂಡು ಮಾರುವುದನ್ನು ನಾವು ಒಪ್ಪಲಾರೆವು ಎಂದು ಒಂದು ಮನವಿ ಬರೆದು ಸಹಿ ಹಾಕಿದರು. ಅವರಲ್ಲಿ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಎಂಬವರ ಹೆಸರು ಹೆಚ್ಚು ಪರಿಚಿತವಾದದ್ದು. ಮನವಿಯು ಪಂಥದ ಮಾಸಿಕ ಸಭೆಗೆ ಹೋಯಿತು. ಇದು ನಮ್ಮ ಮಟ್ಟಕ್ಕೆ ಮೀರಿದ್ದೆಂದು ಅವರು ತ್ರೈಮಾಸಿಕ ಸಭೆಗೆ ಕಳಿಸಿದರು. ಅಲ್ಲಿಂದ ಅದು ವಾರ್ಷಿಕ ಸಭೆಗೆ ಹೋಯಿತು. ವಾರ್ಷಿಕ ಸಭೆ ಯಾವ ತೀರ್ಮಾನವನ್ನೂ ಮಾಡದೆ ಬದಿಗಿಟ್ಟಿತು. ಕಡತವೊಂದು ಮೇಜಿನಿಂದ ಮೇಜಿಗೆ ಹೋಗಿ ಮಲಗುವ ಕತೆಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಗುಲಾಮರನ್ನು ಇಟ್ಟುಕೊಂಡವರಿಗೆ ಪಂಥದಲ್ಲಿ ಸ್ಥಾನವಿಲ್ಲವೆಂದು ಅದೇ ವಾರ್ಷಿಕ ಸಭೆ ಕಟ್ಟಳೆ ಮಾಡಿದ್ದು 1776ರಲ್ಲಿ, ಅಂದರೆ 88 ವರ್ಷಗಳ ಬಳಿಕ. ಆ ನಡುವಿನ ಕಾಲದಲ್ಲಿ ಜಾನ್ ವುಲ್ಮನ್ ಎಂಬ ದರ್ಜಿಯೊಬ್ಬರು ಊರೂರು ತಿರುಗಿ ತಮ್ಮ ಪಂಥದವರ ಮನಸ್ಸನ್ನು ಒಬ್ಬೊಬ್ಬರದಾಗಿ ತಿರುಗಿಸಿದರು. ಗುಲಾಮರು ಬಡಿಸಿದ ಮನೆಯಲ್ಲಿ ಉಂಡರೆ ಅವರ ಸೇವೆಗೆ ಹಣ ಕೊಟ್ಟೇ ಏಳುವುದು ಅವರ ಪದ್ಧತಿಯಾಗಿತ್ತು. ಆತಿಥ್ಯಕ್ಕೆ ಹಣ ಕೊಟ್ಟರೆ ಮನೆಯ ಯಜಮಾನನಿಗೆ ಎಷ್ಟು ಮುಜುಗರವಾಗಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ.

ಪ್ರಶ್ನೆ: ಅಮೆರಿಕದ ರೈತರೆಂದರೆ ಸಾವಿರಾರು ಎಕರೆಯ ಧಣಿಗಳೆಂದೇ ನಾವು ಕೇಳಿರುವುದು. ಅಲ್ಲಿಯೂ ಬೆಳೆಗಾರರು ವ್ಯಾಪಾರಿಗಳ ವಿರುದ್ಧ ಸಂಘ ಕಟ್ಟಿದ್ದುಂಟೆ? ಕಟ್ಟಿದ್ದರೆ ಅದರಿಂದ ಏನಾದರೂ ಆಯಿತೆ? (ಕಾಫಿ ಮತ್ತು ಕರಿಮೆಣಸು ಬೆಳೆಗಾರರು, ಪೊನ್ನಂಪೇಟೆ)

ಕಟ್ಟಿದ್ದುಂಟು, ಮತ್ತು ಅದರಿಂದ ಆದದ್ದು ಅವರೇ ಎಣಿಸಿದ್ದಕ್ಕಿಂತ ಹೆಚ್ಚು. ಕತೆ ಆರಂಭವಾಗುವುದು ಹೊಲದಲ್ಲಿ ಅಲ್ಲ, ವಾಷಿಂಗ್ಟನ್ನಿನ ಕೃಷಿ ಇಲಾಖೆಯ ಒಂದು ಗುಮಾಸ್ತರ ಕುರ್ಚಿಯಲ್ಲಿ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಆಲಿವರ್ ಹಡ್ಸನ್ ಕೆಲ್ಲಿ ಎಂಬ ಗುಮಾಸ್ತರನ್ನು ಸರ್ಕಾರವು ಸೋತ ದಕ್ಷಿಣದ ಬೇಸಾಯದ ಸ್ಥಿತಿಯನ್ನು ನೋಡಿ ಬರಲು ಕಳಿಸಿತು. ಉತ್ತರದವರೆಂದರೆ ದಕ್ಷಿಣದವರು ಹಲ್ಲು ಕಡಿಯುತ್ತಿದ್ದ ಕಾಲವದು; ಕೆಲ್ಲಿಯವರು ಫ್ರೀಮೇಸನ್ ಸಂಘದ ಸದಸ್ಯರಾಗಿದ್ದ ಕಾರಣ ಮಾತ್ರ ಅಲ್ಲಿನ ಫ್ರೀಮೇಸನ್ನರು ಅವರನ್ನು ಮನೆಗೆ ಕರೆದರು. ರೈತರಿಗೂ ಇಂಥದೊಂದು ಬಂಧುತ್ವದ ಸಂಘವಿದ್ದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಆ ಪ್ರವಾಸದಲ್ಲಿ. 1867ರ ಡಿಸೆಂಬರ್ 4ರಂದು ಏಳು ಜನ ಸೇರಿ ಸ್ಥಾಪಿಸಿದ ಆ ಸಂಘವೇ ಜನರ ಬಾಯಲ್ಲಿ ‘ಗ್ರೇಂಜ್’ ಎಂದಾಯಿತು. ಹೆಂಗಸರಿಗೂ ಸಮಾನ ಸದಸ್ಯತ್ವ ಇರಬೇಕೆಂದು ಒತ್ತಾಯಿಸಿದವರು ಕೆಲ್ಲಿಯವರ ಸೋದರಿಯ ಮಗಳು ಕ್ಯಾರೊಲಿನ್ ಹಾಲ್. ಹೀಗಾಗಿ ದೇಶದ ಚುನಾವಣೆಯಲ್ಲಿ ಮತವಿಲ್ಲದ ಹೆಣ್ಣುಮಕ್ಕಳಿಗೆ ಗ್ರೇಂಜಿನ ಸಭೆಯಲ್ಲಿ ಮತವಿತ್ತು.

ಮೊದಲ ಕೆಲವು ವರ್ಷ ಈ ಸಂಘವನ್ನು ಕೇಳುವವರಿರಲಿಲ್ಲ. 1873ರ ಆರ್ಥಿಕ ಕುಸಿತ ಬಂದದ್ದೇ, ಜನ ತಂಡತಂಡವಾಗಿ ಸೇರಿದರು. 1875ರ ಹೊತ್ತಿಗೆ ಸದಸ್ಯರ ಸಂಖ್ಯೆ ಸುಮಾರು 8.5 ಲಕ್ಷಕ್ಕೆ ಏರಿತ್ತು. ಅವರ ಮುಖ್ಯ ದೂರು ರೈಲು ಕಂಪನಿಗಳ ಮೇಲೆ ಮತ್ತು ‘ಎಲಿವೇಟರ್’ ಎಂದು ಕರೆಯುವ ಧಾನ್ಯದ ಗೋದಾಮುಗಳ ಮೇಲೆ. ಎರಡು ರೈಲು ಮಾರ್ಗಗಳಿದ್ದ ಊರಿನಲ್ಲಿ ಸಾಗಣೆ ದರ ಕಡಿಮೆ, ಒಂದೇ ಮಾರ್ಗವಿದ್ದ ಊರಿನಲ್ಲಿ ದೂರ ಕಡಿಮೆಯಿದ್ದರೂ ದರ ಹೆಚ್ಚು. ಗೋದಾಮಿನವನು ನಿಮ್ಮ ಗೋಧಿಯನ್ನು ಯಾವ ದರ್ಜೆಗೆ ಸೇರಿಸುತ್ತಾನೋ ಅದೇ ದರ್ಜೆ, ಅವನು ಕೇಳಿದ್ದೇ ಬಾಡಿಗೆ. ತೇವಾಂಶ ಹೆಚ್ಚೆಂದು, ಔಟ್‌ಟರ್ನ್ (ಒಣಗಿದ ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ಕಡಿಮೆಯೆಂದು ಮಂಡಿಯ ಮುಂದೆ ನಿಂತು ವಾದಿಸಿದ ಅನುಭವವಿರುವ ತಮಗೆ ಆ ರೈತನ ಮುಖ ಕಣ್ಣ ಮುಂದೆ ಬರುತ್ತದೆಂದು ನಂಬಿದ್ದೇನೆ.

ಇಲಿನಾಯ್, ಐಯೊವಾ, ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಈ ದರಗಳಿಗೆ ಮಿತಿ ಹಾಕುವ ಕಾನೂನುಗಳು ಬಂದವು. ಷಿಕಾಗೋದ ಗೋದಾಮು ಮಾಲೀಕರು ಅವುಗಳನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1877ರ ತೀರ್ಪಿನಲ್ಲಿ ನ್ಯಾಯಾಲಯವು, ಖಾಸಗಿ ಸ್ವತ್ತೇ ಆದರೂ ಸಾರ್ವಜನಿಕರೆಲ್ಲರ ಬದುಕು ಅದರ ಮೂಲಕ ಹಾದುಹೋಗುವಂತಿದ್ದರೆ ಅದರ ದರವನ್ನು ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕಿದೆ ಎಂದಿತು. ಆದರೆ 1886ರಲ್ಲಿ ಅದೇ ನ್ಯಾಯಾಲಯ, ರಾಜ್ಯದ ಗಡಿ ದಾಟುವ ರೈಲಿನ ದರಕ್ಕೆ ರಾಜ್ಯವು ಕೈ ಹಾಕುವಂತಿಲ್ಲವೆಂದಾಗ, ಮರುವರ್ಷವೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅಂತರರಾಜ್ಯ ವಾಣಿಜ್ಯ ಆಯೋಗವನ್ನು ರಚಿಸಬೇಕಾಯಿತು. ಅಮೆರಿಕದ ಒಕ್ಕೂಟ ಸರ್ಕಾರ ಉದ್ಯಮಗಳನ್ನು ನಿಯಂತ್ರಿಸಲೆಂದು ಮಾಡಿದ ಮೊದಲ ಆಯೋಗವದು. ಗ್ರೇಂಜ್ ಮಾತ್ರ ಅಷ್ಟರಲ್ಲಿ ಸೊರಗಿಹೋಗಿತ್ತು: ಸಹಕಾರಿ ಅಂಗಡಿಗಳನ್ನು ತೆರೆದು, ಕಟಾವು ಯಂತ್ರವನ್ನು ತಾನೇ ತಯಾರಿಸಲು ಹೋಗಿ ಹಣ ಕಳೆದುಕೊಂಡಿತು, ಬಹುಪಾಲು ಸದಸ್ಯರು ಬಿಟ್ಟುಹೋದರು. ವಂತಿಗೆ ಎತ್ತಿ ಸಭೆ ನಡೆಸುವುದು ಬೇರೆ, ಕಾರ್ಖಾನೆ ನಡೆಸುವುದು ಬೇರೆ ಎಂದು ಅವರು ಕಲಿಯುವ ಹೊತ್ತಿಗೆ ಖಜಾನೆ ಬರಿದಾಗಿತ್ತು.

ಅದರ ಜಾಗಕ್ಕೆ ಬಂದದ್ದು ಟೆಕ್ಸಸ್ ರಾಜ್ಯದಲ್ಲಿ 1877ರ ಸುಮಾರಿಗೆ ಹುಟ್ಟಿದ ಫಾರ್ಮರ್ಸ್ ಅಲಯನ್ಸ್. ದಕ್ಷಿಣದ ಹತ್ತಿ ಬೆಳೆಗಾರ ಬಿತ್ತನೆಗೆ, ಹಿಟ್ಟಿಗೆ, ಬಟ್ಟೆಗೆ ಊರಿನ ಅಂಗಡಿಯವನಲ್ಲಿ ಸಾಲ ಮಾಡಿ, ಇನ್ನೂ ಮೊಳೆಯದ ಬೆಳೆಯನ್ನೇ ಅವನಿಗೆ ಒತ್ತೆ ಇಡುತ್ತಿದ್ದನು. ಕೊಯ್ಲು ಮುಗಿದ ಕೂಡಲೇ, ಬೆಲೆ ನೆಲಕಚ್ಚಿರುವಾಗಲೇ, ಅವನಿಗೆ ಅಳೆದುಕೊಡಬೇಕು. ಮಳೆಗಾಲದಲ್ಲಿ ಮುಂಗಡ ತಂದು, ಜನವರಿಯಲ್ಲಿ ಕಣದಲ್ಲಿ ಒಣಗುವ ಮೊದಲೇ ಕಾಫಿ ಚೆರಿಯನ್ನು ಮುಂಗಡ ಕೊಟ್ಟವನ ಗೋದಾಮಿಗೆ ಹಾಕಿದವರು ನಮ್ಮಲ್ಲೂ ಇದ್ದಾರೆ. ಅಲಯನ್ಸಿನ ನಾಯಕ ಚಾರ್ಲ್ಸ್ ಮಕ್ಯೂನ್ 1889ರಲ್ಲಿ ಇದಕ್ಕೊಂದು ಉಪಾಯವನ್ನು ಮುಂದಿಟ್ಟರು: ಸರ್ಕಾರವೇ ಗೋದಾಮು ಕಟ್ಟಲಿ, ರೈತ ಅದರಲ್ಲಿ ಬೆಳೆಯನ್ನಿಟ್ಟು ಮಾರುಕಟ್ಟೆ ಬೆಲೆಯ ಶೇಕಡಾ 80ರಷ್ಟನ್ನು ಅತಿ ಕಡಿಮೆ ಬಡ್ಡಿಗೆ ಸಾಲ ಪಡೆಯಲಿ, ಬೆಲೆ ಬಂದಾಗ ಮಾರಲಿ. 1942ರ ಕಾಫಿ ಕಾಯ್ದೆಯಿಂದ 1990ರ ದಶಕದ ಮಧ್ಯದವರೆಗೆ ನಡೆದ, ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಕಾಫಿ ಮಂಡಳಿಯೇ ಮಾರುತ್ತಿದ್ದ ಪೂಲ್ ಪದ್ಧತಿಯನ್ನು ಕಂಡವರಿಗೆ ಇದು ಪರಿಚಿತವೆನ್ನಿಸಬಹುದು. ಎರಡೂ ಒಂದೇ ಅಲ್ಲ: ಪೂಲಿಗೆ ಹಾಕಿದ ಕಾಫಿಯನ್ನು ಮಾರುವ ಹೊತ್ತನ್ನು ಮಂಡಳಿ ನಿರ್ಧರಿಸುತ್ತಿತ್ತು, ನಮಗೆ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತಿತ್ತು, ಮಕ್ಯೂನರ ಯೋಜನೆಯಲ್ಲಿ ಮಾರುವ ಹೊತ್ತು ರೈತನ ಕೈಯಲ್ಲಿತ್ತು.

ಆ ಯೋಜನೆ ಅವರ ಕಾಲದಲ್ಲಿ ಜಾರಿಗೆ ಬರಲಿಲ್ಲ. 1892ರಲ್ಲಿ ಅಲಯನ್ಸಿನವರು ಮತ್ತಿತರರು ಒಮಾಹಾ ನಗರದಲ್ಲಿ ಸೇರಿ ಪೀಪಲ್ಸ್ ಪಾರ್ಟಿಯ ಪ್ರಣಾಳಿಕೆಯನ್ನು ಘೋಷಿಸಿದರು; ಅವರ ಅಭ್ಯರ್ಥಿ ಜೇಮ್ಸ್ ವೀವರ್ ಅಧ್ಯಕ್ಷೀಯ ಚುನಾವಣೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಮತ ಪಡೆದು ಸೋತರು. ಹೆಚ್ಚು ಆದಾಯಕ್ಕೆ ಹೆಚ್ಚು ತೆರಿಗೆ, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವುದು, ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ, ಇವೆಲ್ಲ ಆ ಪ್ರಣಾಳಿಕೆಯಲ್ಲಿದ್ದವು. ಪಕ್ಷ ಅಳಿದ ಮೇಲೆ, 1910ರಲ್ಲಿ ಅಂಚೆ ಉಳಿತಾಯವೂ 1913ರ ಸಂವಿಧಾನದ ತಿದ್ದುಪಡಿಗಳಲ್ಲಿ ಮೊದಲೆರಡೂ ಬಂದವು.

ಒಂದು ಕಹಿ ಸಂಗತಿಯನ್ನು ಮುಚ್ಚಿಡಲಾರೆ. ದಕ್ಷಿಣದ ಅಲಯನ್ಸ್ ಕಪ್ಪು ರೈತರನ್ನು ಸೇರಿಸಿಕೊಳ್ಳಲಿಲ್ಲ. ಅವರು 1886ರಲ್ಲಿ ಬೇರೆಯೇ ಅಲಯನ್ಸ್ ಕಟ್ಟಿಕೊಂಡರು. 1891ರಲ್ಲಿ ಹತ್ತಿ ಬಿಡಿಸುವ ಕೂಲಿಯನ್ನು ಹೆಚ್ಚಿಸಬೇಕೆಂದು ಆ ಸಂಘದ ಕೆಲವರು ಮುಷ್ಕರ ಹೂಡಿದಾಗ ಬಿಳಿಯರ ಅಲಯನ್ಸಿನ ನಾಯಕರು ಎದುರು ನಿಂತರು, ಆರ್ಕಾನ್ಸಾ ರಾಜ್ಯದಲ್ಲಿ ಮುಷ್ಕರ ರಕ್ತಪಾತದಲ್ಲಿ ಮುಗಿಯಿತು. ಗೋದಾಮಿನವನ ಮುಂದೆ ರೈತನಾಗಿದ್ದವನು ಕೂಲಿಯವನ ಮುಂದೆ ಧಣಿಯಾಗಿಬಿಟ್ಟಿದ್ದನು.

ಪ್ರಶ್ನೆ: ದಿನವಿಡೀ ದುಡಿದು ದಣಿದಿದ್ದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ, ಅದರಿಂದ ಚಳವಳಿ ಹುಟ್ಟಿತು ಎಂದು ನಮ್ಮ ಪಾಠದಲ್ಲಿದೆ. ಒಬ್ಬರ ದಣಿವಿನಿಂದ ಇಷ್ಟೆಲ್ಲ ಆಗಲು ಸಾಧ್ಯವೆ? (ಪದವಿ ವಿದ್ಯಾರ್ಥಿನಿ, ಮಡಿಕೇರಿ)

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಿನ್ನದಮ್ಮ. ತಮಗೆ ಮೈ ದಣಿದಿರಲಿಲ್ಲ, ಸದಾ ಬಗ್ಗಿ ಬಗ್ಗಿ ದಣಿವಾಗಿತ್ತು ಎಂಬ ಅರ್ಥದ ಮಾತನ್ನು ಪಾರ್ಕ್ಸ್ ಅವರೇ ಮುಂದೆ ಬರೆದಿದ್ದಾರೆ. ಆಗ ಅವರಿಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಸ್ಥಳೀಯ ಶಾಖೆಗೆ ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದವರು. ಅವರಿದ್ದ ಮಾಂಟ್‌ಗೊಮರಿ ನಗರದಲ್ಲೇ, ಅದೇ ವರ್ಷ, ಅಂದರೆ 1955ರ ಮಾರ್ಚ್ 2ರಂದು, ಕ್ಲಾಡೆಟ್ ಕೋಲ್ವಿನ್ ಎಂಬ 15 ವರ್ಷದ ಹುಡುಗಿ ಸೀಟು ಬಿಡದೆ ಬಂಧನಕ್ಕೆ ಒಳಗಾಗಿದ್ದಳು. ಅಂದರೆ ಡಿಸೆಂಬರ್ 1ರ ಸಂಜೆ ಪಾರ್ಕ್ಸ್ ಸೀಟು ಬಿಡದೆ ಬಂಧನಕ್ಕೆ ಒಳಗಾದದ್ದು ಮೊದಲನೆಯದಲ್ಲ. ಆ ಸಂಜೆಗಾಗಿ ಸಿದ್ಧವಾಗಿ ಕಾದಿದ್ದ ಸಂಘವಿತ್ತು, ಅದು ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್.

1946ರಲ್ಲಿ ಆರಂಭವಾದ ಈ ಸಂಘದಲ್ಲಿ ಹೆಚ್ಚಿನವರು ಕಪ್ಪು ಅಧ್ಯಾಪಕಿಯರು. ಅಧ್ಯಕ್ಷೆ ಜೋ ಆನ್ ರಾಬಿನ್ಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮುಂದಿನ ಬಾಗಿಲಲ್ಲಿ ಹತ್ತಿ ಹಣ ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿನಿಂದ ಮತ್ತೆ ಹತ್ತಬೇಕೆಂಬ ಅವಮಾನವನ್ನು ನಿಲ್ಲಿಸದಿದ್ದರೆ ಬಸ್ ಬಹಿಷ್ಕಾರ ಮಾಡಬೇಕಾದೀತೆಂದು ಅವರು 1954ರ ಮೇ ತಿಂಗಳಲ್ಲೇ ಮೇಯರರಿಗೆ ಕಾಗದ ಬರೆದಿದ್ದರು. ಪಾರ್ಕ್ಸ್ ಬಂಧನದ ಸುದ್ದಿ ತಿಳಿದ ರಾತ್ರಿ ರಾಬಿನ್ಸನ್ ಕಾಲೇಜಿಗೆ ಹೋಗಿ, ಸಹೋದ್ಯೋಗಿಯೊಬ್ಬರನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಜೊತೆಗಿಟ್ಟುಕೊಂಡು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಿನ ಜಾವದವರೆಗೆ ಕರಪತ್ರ ತೆಗೆದರು. ಒಂದು ಹಾಳೆಯಲ್ಲಿ ಮೂರು ಸಲ ಅದೇ ಒಕ್ಕಣೆ, ಆಮೇಲೆ ಕತ್ತರಿಸುವುದು. ಹೀಗೆ ಹತ್ತಾರು ಸಾವಿರ. ಸೋಮವಾರ ಬಸ್ಸು ಹತ್ತಬೇಡಿ ಎಂಬುದಷ್ಟೇ ಸಾರ. ಬೆಳಿಗ್ಗೆ ಪಾಠ ಮುಗಿಸಿ, ಕಟ್ಟುಗಳನ್ನು ಕಾರಿನಲ್ಲಿ ಹೇರಿಕೊಂಡು ಶಾಲೆಗಳಿಗೂ ಅಂಗಡಿಗಳಿಗೂ ತಲುಪಿಸಿದರು.

ಸೋಮವಾರ ಬಸ್ಸುಗಳು ಬಹುಮಟ್ಟಿಗೆ ಖಾಲಿ ಓಡಿದವು. ಅಂದೇ ಮಾಂಟ್‌ಗೊಮರಿ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಎಂಬ ಸಂಘ ರಚನೆಯಾಗಿ, ಊರಿಗೆ ಹೊಸಬರಾಗಿದ್ದ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅದರ ಅಧ್ಯಕ್ಷರಾದರು. ಬಹಿಷ್ಕಾರ 381 ದಿನ ನಡೆಯಿತು. ಒಂದು ದಿನದ ಬಂದ್ ಮಾಡುವುದಕ್ಕೆ ಕರಪತ್ರ ಸಾಕು. 381 ದಿನ ಸಾವಿರಾರು ಜನರನ್ನು ಕೆಲಸಕ್ಕೆ ಒಯ್ದು ಮನೆಗೆ ತಂದು ಬಿಡಬೇಕಾದರೆ ಕಾರು ಬೇಕು, ಪೆಟ್ರೋಲು ಬೇಕು, ಯಾವ ಮೂಲೆಯಲ್ಲಿ ಎಷ್ಟು ಗಂಟೆಗೆ ಯಾರ ಗಾಡಿ ಎಂಬ ಪಟ್ಟಿ ಬೇಕು. ಸುಮಾರು 300 ಖಾಸಗಿ ಕಾರುಗಳು ಅಂಥ ಪಟ್ಟಿಯ ಪ್ರಕಾರ ಓಡಿದವು. ಈ ಏರ್ಪಾಡಿನ ಮಾದರಿ ಎರಡು ವರ್ಷ ಹಿಂದೆ ಬೇಟನ್ ರೂಜ್ ನಗರದಲ್ಲಿ ನಡೆದ ಚಿಕ್ಕ ಬಹಿಷ್ಕಾರದಿಂದ ಬಂದದ್ದು.

ಹಣ ಎಲ್ಲಿಂದ ಬಂತು? ಹೊರಗಿನ ದೇಣಿಗೆಯ ಜೊತೆಗೆ ಒಳಗಿನ ಅಡುಗೆಮನೆಗಳಿಂದಲೂ ಬಂತು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ನೆರೆಹೊರೆಯ ಹೆಂಗಸರನ್ನು ಕಟ್ಟಿಕೊಂಡು ಕೋಳಿ ಸ್ಯಾಂಡ್‌ವಿಚ್, ಕೇಕು, ಪೈ ಮಾಡಿ ಮಾರಿ, ಬಂದ ಹಣವನ್ನು ಸಭೆಗೆ ತಂದು ಕೊಡುತ್ತಿದ್ದರು. ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರ ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. ಅದಕ್ಕಾಗಿ ತಮ್ಮ ಗುಂಪಿಗೆ ‘ಎಲ್ಲಿಂದಲೂ ಬಾರದವರ ಕ್ಲಬ್’ ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದರು. ಹಣ ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲಿಂದಲೂ ಇಲ್ಲ ಎಂದು ಸುಳ್ಳಿಲ್ಲದೆ ಹೇಳಬಹುದಲ್ಲ! 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕೊಡಗಿನ ಗೌರಮ್ಮ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟದ್ದನ್ನು ನಾವು ಮರೆತಿಲ್ಲ. ಗಿಲ್ಮೋರರ ಪೈ ಕೂಡ ನೆನಪಿಡತಕ್ಕದ್ದು.

ಪಾರ್ಕ್ಸ್ ಅವರನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದ ಇ. ಡಿ. ನಿಕ್ಸನ್ ರೈಲಿನ ಮಲಗುವ ಡಬ್ಬಿಗಳಲ್ಲಿ ಪೋರ್ಟರ್ ಆಗಿದ್ದವರು. ಪುಲ್‌ಮನ್ ಕಂಪನಿಯ ಆ ಡಬ್ಬಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಕಪ್ಪು ನೌಕರರನ್ನು ಪ್ರಯಾಣಿಕರು ಕಂಪನಿಯ ಧಣಿ ಜಾರ್ಜ್ ಪುಲ್‌ಮನ್ನನ ಹೆಸರಿನಿಂದ ‘ಜಾರ್ಜ್’ ಎಂದೇ ಕೂಗುತ್ತಿದ್ದರು, ಯಜಮಾನನ ಹೆಸರಿನಿಂದ ಗುಲಾಮನನ್ನು ಕರೆದಂತೆ. ಅವರು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫರ ನಾಯಕತ್ವದಲ್ಲಿ ಸಂಘ ಕಟ್ಟಿ, ಕಂಪನಿಯಿಂದ ಒಪ್ಪಂದಕ್ಕೆ ಸಹಿ ಪಡೆಯಲು 12 ವರ್ಷ ಕಾದರು. ಊರಿಂದೂರಿಗೆ ಓಡಾಡುವ ಕೆಲಸವಾದ್ದರಿಂದ ಸುದ್ದಿ, ಪತ್ರಿಕೆ, ಸಂಪರ್ಕ ಎಲ್ಲವೂ ಅವರ ಕೈಯಲ್ಲಿತ್ತು. 1963ರ ವಾಷಿಂಗ್ಟನ್ ಮೆರವಣಿಗೆಯ ನಿರ್ದೇಶಕರೂ ಇದೇ ರ‍್ಯಾಂಡಾಲ್ಫ್. ಅಂದು ಕಿಂಗ್ ಮಾಡಿದ ಭಾಷಣ ಎಲ್ಲರ ನೆನಪಿನಲ್ಲಿದೆ, ಮೈಕ್ ಕಟ್ಟಿಸಿದವರ ಹೆಸರು ಇಲ್ಲ.

ಪ್ರಶ್ನೆ: ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಹೋರಾಟದಿಂದ ಬಂದದ್ದೆ, ಕೊಟ್ಟದ್ದೆ? (ಗೃಹಿಣಿ, ವಿರಾಜಪೇಟೆ)

ಹೋರಾಟದಿಂದಲೇ, ಅದೂ 72 ವರ್ಷಗಳ ಹೋರಾಟದಿಂದ. 1840ರಲ್ಲಿ ಲಂಡನ್ನಿನಲ್ಲಿ ನಡೆದ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ ಅಮೆರಿಕದಿಂದ ಹೋದ ಹೆಣ್ಣು ಪ್ರತಿನಿಧಿಗಳನ್ನು ಹೆಂಗಸರೆಂಬ ಕಾರಣಕ್ಕೆ ಪ್ರತಿನಿಧಿಗಳಾಗಿ ಕೂರಿಸಲಿಲ್ಲ. ಅಲ್ಲಿ ಪರಿಚಯವಾದ ಲುಕ್ರೀಶಿಯಾ ಮಾಟ್ ಮತ್ತು ಎಲಿಜಬೆತ್ ಕೇಡಿ ಸ್ಟ್ಯಾಂಟನ್ 1848ರ ಜುಲೈಯಲ್ಲಿ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸಭೆ ಕರೆದರು. ಸುಮಾರು 300 ಜನ ಬಂದರು. ಹಕ್ಕುಗಳ ಘೋಷಣೆಗೆ 68 ಹೆಂಗಸರೂ 32 ಗಂಡಸರೂ ಸಹಿ ಹಾಕಿದರು. ಮತದಾನದ ಬೇಡಿಕೆ ಅತಿಯಾಯಿತೆಂದು ಸಭೆಯಲ್ಲೇ ಹಲವರಿಗೆ ಅನ್ನಿಸಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಎದ್ದು ಬೆಂಬಲಿಸಿ ಮಾತನಾಡಿದ ಮೇಲೆ ಅದು ಅಂಗೀಕಾರವಾಯಿತು.

1920ರ ಆಗಸ್ಟಿನಲ್ಲಿ, ಹೆಂಗಸರಿಗೆ ಮತದ ಹಕ್ಕು ಕೊಡುವ ಸಂವಿಧಾನದ ತಿದ್ದುಪಡಿಗೆ ಇನ್ನೊಂದೇ ರಾಜ್ಯದ ಒಪ್ಪಿಗೆ ಬಾಕಿಯಿದ್ದಾಗ, ಟೆನೆಸೀ ವಿಧಾನಸಭೆಯ 24 ವರ್ಷದ ಸದಸ್ಯ ಹ್ಯಾರಿ ಬರ್ನ್, ವಿರೋಧಿಗಳ ಗುರುತಾದ ಕೆಂಪು ಗುಲಾಬಿಯನ್ನು ಕೋಟಿಗೆ ಸಿಕ್ಕಿಸಿಕೊಂಡಿದ್ದರೂ, ಜೇಬಿನಲ್ಲಿದ್ದ ತಾಯಿಯ ಕಾಗದದ ಮಾತಿಗೆ ಕಟ್ಟುಬಿದ್ದು ಪರವಾಗಿ ಮತ ಹಾಕಿದರು. ಸೆನೆಕಾ ಫಾಲ್ಸಿನಲ್ಲಿ ಸಹಿ ಹಾಕಿದವರ ಪೈಕಿ ಆ ಹೊತ್ತಿಗೆ ಬದುಕಿದ್ದ ಷಾರ್ಲಟ್ ವುಡ್‌ವರ್ಡ್ ಕಾಯಿಲೆಯಿಂದಾಗಿ ಮತಗಟ್ಟೆಗೆ ಹೋಗಲಾಗಲಿಲ್ಲ. ದಕ್ಷಿಣದ ಕಪ್ಪು ಹೆಂಗಸರು 1965ರ ಮತದಾನ ಹಕ್ಕು ಕಾಯ್ದೆಯವರೆಗೂ ಕಾಯಬೇಕಾಯಿತೆಂಬುದನ್ನೂ ಸೇರಿಸಿ ಓದಿಕೊಳ್ಳಿ.

ಪ್ರಶ್ನೆ: ಎತ್ತಿನ ಬಂಡಿಗಳಲ್ಲಿ ಪಶ್ಚಿಮಕ್ಕೆ ಹೋದ ಮೊದಲಿಗರ ಬಗ್ಗೆ ಬರೆಯಿರಿ. (ಕುಶಾಲನಗರ)

1843ರಲ್ಲಿ ಸುಮಾರು ಸಾವಿರ ಜನ ಒಟ್ಟಾಗಿ ಆರೆಗನ್ ಕಡೆಗೆ ಹೊರಟರು. ದಾರಿಯಲ್ಲೇ ನಾಯಕನನ್ನು ಚುನಾಯಿಸಿ, ನಿಯಮ ಮಾಡಿಕೊಂಡು ನಡೆದರು. ಸಾಹಸವೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ‘ಮೊದಲಿಗರು’ ಎಂಬ ಮಾತು ನನಗೆ ಇರುಸುಮುರುಸು ತರುತ್ತದೆ. 1827ರಲ್ಲಿ ಲಿಖಿತ ಸಂವಿಧಾನ ಮಾಡಿಕೊಂಡು, ಮರುವರ್ಷ ತಮ್ಮದೇ ಲಿಪಿಯಲ್ಲಿ ಪತ್ರಿಕೆ ತೆಗೆದ, ಆ ನೆಲದ ಮೂಲನಿವಾಸಿಗಳಾದ ಚೆರೋಕಿ ಜನರನ್ನು 1838ರಲ್ಲಿ ಸೈನ್ಯ ಕಾವಲಿಟ್ಟು ನೆಲ ಬಿಡಿಸಿದಾಗ, ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು ಸುಮಾರು 4,000 ಎಂದು ಲೆಕ್ಕವಿದೆ. ನಮ್ಮಲ್ಲಿಯೂ 1850ರ ದಶಕದ ತೋಟದ ದೊರೆಗಳನ್ನು ಕಾಡು ಕಡಿದ ಮೊದಲಿಗರು ಎನ್ನುವವರಿದ್ದಾರೆ. ಆ ಕಾಡಿನಲ್ಲಿ ಜೇನು ಕುರುಬರಿದ್ದರು.

ಪ್ರಶ್ನೆ: ತೋಟ ಕಾರ್ಮಿಕರು ಅಲ್ಲಿ ಸಂಘ ಕಟ್ಟಿದ್ದಾರೆಯೆ? (ತೋಟದ ರೈಟರ್, ಸುಂಟಿಕೊಪ್ಪ)

ಅಮೆರಿಕದಲ್ಲಿ ಕಾರ್ಮಿಕ ಸಂಘಗಳಿಗೆ ಮಾನ್ಯತೆ ಕೊಟ್ಟ 1935ರ ಕಾಯ್ದೆಯಿಂದ ಹೊಲ, ತೋಟಗಳ ಕೂಲಿಯವರನ್ನು ಹೊರಗಿಟ್ಟಿದ್ದರು. ನಮ್ಮಲ್ಲಿ 1951ರಲ್ಲೇ ತೋಟ ಕಾರ್ಮಿಕರಿಗೆಂದು ಪ್ರತ್ಯೇಕ ಕಾಯ್ದೆ ಬಂದು, ಲೈನ್ ಮನೆ, ಔಷಧಿ, ಕುಡಿಯುವ ನೀರಿನ ಮಾತನ್ನು ಕಾಗದದ ಮೇಲಾದರೂ ಬರೆದಿದ್ದರು. ಅಲ್ಲಿ ಅದೂ ಇರಲಿಲ್ಲ.

1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ಕೊಯ್ಯುವ ಫಿಲಿಪಿನೋ ಕಾರ್ಮಿಕರು ಗಂಟೆಗೆ 1.40 ಡಾಲರ್ ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಅವರ ನಾಯಕ ಲ್ಯಾರಿ ಇಟ್ಲಿಯಾಂಗ್. ಒಂದು ಸೀಮೆಯವರು ಕೈಕಟ್ಟಿ ಕೂತರೆ ಇನ್ನೊಂದು ಸೀಮೆಯವರನ್ನು ಲಾರಿಯಲ್ಲಿ ತಂದು ಇಳಿಸುವುದು ಮಾಲೀಕರ ಹಳೆಯ ಪಟ್ಟು ಎಂದು ತಿಳಿದಿದ್ದ ಇಟ್ಲಿಯಾಂಗ್, ಮೆಕ್ಸಿಕನ್ ಮೂಲದವರ ಸಂಘ ಕಟ್ಟುತ್ತಿದ್ದ ಸೀಸರ್ ಚಾವೇಜ್ ಮತ್ತು ಡೊಲೊರೆಸ್ ಹುಯೆರ್ಟಾ ಅವರ ಬಾಗಿಲಿಗೆ ಹೋದರು. ತಮ್ಮ ಸಂಘ ಮುಷ್ಕರಕ್ಕೆ ಇನ್ನೂ ಬಲಿತಿಲ್ಲವೆಂಬ ಅಳುಕು ಚಾವೇಜರಿಗಿತ್ತು; ಆದರೂ ಸೆಪ್ಟೆಂಬರ್ 16ರಂದು ಚರ್ಚಿನ ಸಭಾಂಗಣದಲ್ಲಿ ಸೇರಿದ ಸದಸ್ಯರು ಮುಷ್ಕರಕ್ಕೆ ಒಪ್ಪಿದರು. ತೋಟದ ಗೇಟಿನಲ್ಲಿ ಗೆಲ್ಲುವುದು ಕಷ್ಟವೆಂದು ಕಂಡಾಗ, ಹುಯೆರ್ಟಾ ಮೊದಲಾದವರು ದೂರದ ನ್ಯೂಯಾರ್ಕಿನಂಥ ನಗರಗಳಿಗೆ ಹೋಗಿ, ದ್ರಾಕ್ಷಿ ಕೊಳ್ಳಬೇಡಿ ಎಂದು ಅಂಗಡಿಗಳ ಮುಂದೆ ನಿಂತು ಗಿರಾಕಿಗಳನ್ನು ಬೇಡಿಕೊಂಡರು. ಐದು ವರ್ಷದ ಬಳಿಕ, 1970ರ ಜುಲೈಯಲ್ಲಿ, ಡೆಲಾನೊದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು.

1975ರಲ್ಲಿ ಕ್ಯಾಲಿಫೋರ್ನಿಯಾ ಹೊಲದ ಕಾರ್ಮಿಕರ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಅದೇ ವರ್ಷ ಗಿಡ್ಡ ಹಿಡಿಯ ಗುದ್ದಲಿಯೂ ನಿಷೇಧವಾಯಿತು. ಎರಡಡಿಗಿಂತ ಉದ್ದವಿಲ್ಲದ ಆ ಹಿಡಿಯನ್ನು ಹಿಡಿದು ಸೊಪ್ಪಿನ ಹೊಲಗಳಲ್ಲಿ ದಿನವಿಡೀ ಬಗ್ಗಿಯೇ ಕೆಲಸ ಮಾಡಬೇಕಿತ್ತು. ಯಾರಾದರೂ ಬೆನ್ನು ನೇರ ಮಾಡಿದರೆ ಮೇಸ್ತ್ರಿಗೆ ದೂರದಿಂದಲೇ ಕಾಣಬೇಕೆಂಬುದೂ ಅದರ ಒಂದು ಉಪಯೋಗವಾಗಿತ್ತು. ಮುಷ್ಕರ ಆರಂಭಿಸಿದ ಫಿಲಿಪಿನೋಗಳು ಆಗಲೇ ಮುದುಕರಾಗಿದ್ದರು. ಹರೆಯದಲ್ಲಿ ಬಂದ ಅವರಿಗೆ ಬಿಳಿಯ ಹೆಂಗಸರನ್ನು ಮದುವೆಯಾಗಲು ಆ ರಾಜ್ಯದ ಕಾನೂನು 1948ರವರೆಗೆ ಬಿಟ್ಟಿರಲಿಲ್ಲ, ತಮ್ಮ ದೇಶದ ಹೆಂಗಸರೋ ಅಲ್ಲಿ ಬೆರಳೆಣಿಕೆಯಷ್ಟು. ಅನೇಕರು ಕೂಲಿಯವರ ಬಿಡಾರಗಳಲ್ಲೇ ಒಂಟಿಯಾಗಿ ಹಣ್ಣಾದರು. ಅಂಥವರು ಇರಲೆಂದು ಸಂಘವು ಸ್ವಯಂಸೇವಕರ ಕೈಯಿಂದ ಡೆಲಾನೊದ ಹೊರವಲಯದಲ್ಲಿ ಒಂದು ವಸತಿ ಕಟ್ಟಿಸಿತು; 1974ರಲ್ಲಿ ಅದರ ಬಾಗಿಲು ತೆರೆಯಿತು.